ಸೈನಿಕ ಕುಟುಂಬಗಳಿಗೆ ಕ್ಯಾಶ್‌ಬ್ಯಾಕ್ ಕ್ರೆಡಿಟ್ ಕಾರ್ಡ್ ಆಯ್ಕೆ

ಕ್ಯಾಶ್‌ಬ್ಯಾಕ್ ಕ್ರೆಡಿಟ್ ಕಾರ್ಡ್ ಎಂಬುದು ಖರೀದಿಗೆ ವ್ಯಯಿಸಿದ ಮೊತ್ತದ ಒಂದು ಸಣ್ಣ ಪಾಲನ್ನು ಗ್ರಾಹಕನ ಕಾರ್ಡ್ ಖಾತೆಗೆ ಹಣದ ರೂಪದಲ್ಲಿ ಮರಳಿಸುವ ಕ್ರೆಡಿಟ್ ಕಾರ್ಡ್. ಭಾರತದಲ್ಲಿ ಸಶಸ್ತ್ರ ಪಡೆಗಳ ಯೋಧರಿಗೂ ನಿವೃತ್ತರಿಗೂ ಹಲವು ಬ್ಯಾಂಕುಗಳು ಪ್ರತ್ಯೇಕ ಕಾರ್ಡುಗಳನ್ನು ನೀಡುತ್ತವೆ. ಯೋಧನು ದೂರದ ಗಡಿಯಲ್ಲಿದ್ದು ಕುಟುಂಬವು ಊರಿನಲ್ಲಿರುವ ಸಂದರ್ಭದಲ್ಲಿ ಕಾರ್ಡಿನ ಆಯ್ಕೆಯು ಕ್ಯಾಶ್‌ಬ್ಯಾಕ್ ದರವೊಂದನ್ನೇ ಅವಲಂಬಿಸುವುದಿಲ್ಲ. ಮನೆಯ ವೆಚ್ಚ ಎಲ್ಲಿ ಆಗುತ್ತದೆ ಮತ್ತು ಬಿಲ್ಲು ಗಡುವಿನೊಳಗೆ ಪೂರ್ಣವಾಗಿ ಪಾವತಿಯಾಗುತ್ತದೆಯೇ ಎಂಬುವು ಹೆಚ್ಚು ಮುಖ್ಯವಾದ ಅಂಶಗಳು.

ಕಾರ್ಯವಿಧಾನ

ಕಾರ್ಡಿನಿಂದ ಖರೀದಿ ಮಾಡಿದ ದಿನದಿಂದ ಬಿಲ್ಲಿನ ಗಡುವಿನವರೆಗೆ ಸಾಮಾನ್ಯವಾಗಿ 20ರಿಂದ 50 ದಿನಗಳ ಬಡ್ಡಿರಹಿತ ಅವಧಿ ದೊರೆಯುತ್ತದೆ. ಬಿಲ್ಲಿನ ಪೂರ್ಣ ಮೊತ್ತವನ್ನು ಗಡುವಿನೊಳಗೆ ಪಾವತಿಸಿದವರಿಗೆ ಮಾತ್ರ ಈ ಸೌಲಭ್ಯವಿದೆ. 'ಕನಿಷ್ಠ ಪಾವತಿ ಮೊತ್ತ'ವನ್ನಷ್ಟೇ ಕಟ್ಟಿದರೆ ವಿಳಂಬ ಶುಲ್ಕ ತಪ್ಪುತ್ತದೆಯೇ ಹೊರತು ಬಡ್ಡಿ ತಪ್ಪುವುದಿಲ್ಲ. ಬಡ್ಡಿಯು ಸಾಮಾನ್ಯವಾಗಿ ತಿಂಗಳಿಗೆ ಶೇ. 3ರಿಂದ 3.75ರಷ್ಟಿದ್ದು, ಅದರ ಮೇಲೆ ಜಿಎಸ್‌ಟಿಯೂ ಸೇರುತ್ತದೆ. ಬಾಕಿ ಉಳಿದಿರುವವರೆಗೆ ಹೊಸ ಖರೀದಿಗಳಿಗೂ ಬಡ್ಡಿರಹಿತ ಅವಧಿ ಇರುವುದಿಲ್ಲ. ಎಟಿಎಂನಲ್ಲಿ ಕ್ರೆಡಿಟ್ ಕಾರ್ಡಿನಿಂದ ತೆಗೆದ ನಗದಿಗೆ ಮೊದಲ ದಿನದಿಂದಲೇ ಬಡ್ಡಿ ಅನ್ವಯವಾಗುತ್ತದೆ.

ಕ್ಯಾಶ್‌ಬ್ಯಾಕ್ ಎಲ್ಲ ವೆಚ್ಚಕ್ಕೂ ಸಿಗುವುದಿಲ್ಲ. ಇಂಧನ, ಮನೆ ಬಾಡಿಗೆ, ವ್ಯಾಲೆಟ್ ಭರ್ತಿ, ಕಂತುಗಳ ಖರೀದಿ ಮುಂತಾದುವನ್ನು ಅನೇಕ ಕಾರ್ಡುಗಳು ಹೊರಗಿಡುತ್ತವೆ. ತಿಂಗಳಿಗೆ ಗರಿಷ್ಠ ಮಿತಿಯೂ ಇರಬಹುದು.

ರಕ್ಷಣಾ ಸಿಬ್ಬಂದಿಗಾಗಿ ಇರುವ ಕಾರ್ಡುಗಳು

ಎಸ್‌ಬಿಐ ಕಾರ್ಡ್ ಸಂಸ್ಥೆಯ 'ಶೌರ್ಯ', ಬ್ಯಾಂಕ್ ಆಫ್ ಬರೋಡಾ ಸಮೂಹದ 'ಯೋದ್ಧ' (ಭೂಸೇನೆ), 'ವರುಣಃ' (ನೌಕಾಪಡೆ) ಹಾಗೂ 'ರಕ್ಷಾಮಃ' (ಕರಾವಳಿ ಕಾವಲು ಪಡೆ), ಆಕ್ಸಿಸ್ ಬ್ಯಾಂಕಿನ 'ಪ್ರೈಡ್' ಕಾರ್ಡುಗಳು ಈ ವರ್ಗಕ್ಕೆ ಸೇರುತ್ತವೆ. ಇವುಗಳಲ್ಲಿ ಹೆಚ್ಚಿನವು ನೇರ ಕ್ಯಾಶ್‌ಬ್ಯಾಕ್ ನೀಡದೆ ಅಂಕಗಳನ್ನು ನೀಡುತ್ತವೆ. ಆದುದರಿಂದ ಒಂದು ಅಂಕದ ಬೆಲೆ ಎಷ್ಟು ಪೈಸೆ ಎಂಬುದನ್ನು ಲೆಕ್ಕ ಹಾಕಿಯೇ ಸಾಮಾನ್ಯ ಕ್ಯಾಶ್‌ಬ್ಯಾಕ್ ಕಾರ್ಡಿನೊಡನೆ ಹೋಲಿಸಬೇಕಾಗುತ್ತದೆ.

ಸೈನಿಕರ ಕ್ಯಾಂಟೀನ್ ಸ್ಟೋರ್ಸ್ ಡಿಪಾರ್ಟ್‌ಮೆಂಟ್ (ಸಿಎಸ್‌ಡಿ) ಜಿಎಸ್‌ಟಿಯಲ್ಲಿ ಶೇ. 50ರಷ್ಟು ಮರುಪಾವತಿ ಪಡೆಯುವುದರಿಂದ ಅಲ್ಲಿನ ದರ ಮಾರುಕಟ್ಟೆಗಿಂತ ಕಡಿಮೆ. ಕ್ಯಾಂಟೀನಿನಲ್ಲಿ ಕೊಳ್ಳಲು ಅರ್ಹತೆ ನೀಡುವ ಸ್ಮಾರ್ಟ್ ಕಾರ್ಡೇ ಬೇರೆ, ಕ್ರೆಡಿಟ್ ಕಾರ್ಡೇ ಬೇರೆ. ಎರಡನೆಯದು ಪಾವತಿಯ ಸಾಧನ ಮಾತ್ರ.

ಗ್ರಾಮೀಣ ಕುಟುಂಬಗಳ ಸಂದರ್ಭ

ಬೀದರ್ ನಗರದಲ್ಲಿ ಭಾರತೀಯ ವಾಯುಪಡೆಯ ತರಬೇತಿ ನೆಲೆಯಿದೆ. ಸೈನಿಕ ನೆಲೆಗಳ ವಸತಿಗೃಹದಲ್ಲಿರುವವರಿಗೆ ಕ್ಯಾಂಟೀನ್ ಸಾಮಾನ್ಯವಾಗಿ ಸಮೀಪದಲ್ಲಿರುತ್ತದೆ. ಆದರೆ ಅದೇ ಜಿಲ್ಲೆಯ ಬಸವಕಲ್ಯಾಣ ತಾಲ್ಲೂಕಿನಲ್ಲಿ, ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯ ಮೇಲಿರುವ ರಾಜೇಶ್ವರದಂತಹ ಊರಿನಲ್ಲಿ ನೆಲೆಸಿದ ಯೋಧನ ಕುಟುಂಬದ ವೆಚ್ಚದ ಸ್ವರೂಪವೇ ಬೇರೆ. ಅಲ್ಲಿ ದಿನಬಳಕೆಯ ಹಣ ಹೋಗುವುದು ಕಿರಾಣಿ ಅಂಗಡಿಗೆ, ಔಷಧದಂಗಡಿಗೆ, ಸಂತೆಗೆ, ಇಲ್ಲವೇ ಹುಮನಾಬಾದ್ ಮತ್ತು ಬಸವಕಲ್ಯಾಣದ ಪೇಟೆಗೆ. ಇಂತಹ ಸಣ್ಣ ಅಂಗಡಿಗಳಲ್ಲಿ ಕಾರ್ಡ್ ಉಜ್ಜುವ ಯಂತ್ರಕ್ಕಿಂತ ಕ್ಯೂಆರ್ ಫಲಕವೇ ಹೆಚ್ಚು ಬಳಕೆಯಲ್ಲಿದೆ.

2022ರ ಸೆಪ್ಟೆಂಬರ್‌ನಲ್ಲಿ ರುಪೇ ಕ್ರೆಡಿಟ್ ಕಾರ್ಡುಗಳನ್ನು ಯುಪಿಐಗೆ ಜೋಡಿಸುವ ವ್ಯವಸ್ಥೆ ಜಾರಿಗೆ ಬಂದಿತು. ಇದರಿಂದ ಅಂಗಡಿಯ ಕ್ಯೂಆರ್ ಫಲಕಕ್ಕೂ ಕ್ರೆಡಿಟ್ ಕಾರ್ಡಿನಿಂದ ಪಾವತಿಸಬಹುದು. ಆದರೆ ಯುಪಿಐ ಮೂಲಕದ ವೆಚ್ಚಕ್ಕೆ ಕೆಲವು ಕಾರ್ಡುಗಳು ಕ್ಯಾಶ್‌ಬ್ಯಾಕ್ ನೀಡುವುದಿಲ್ಲ. ಹಳ್ಳಿಯ ಕುಟುಂಬವು ಮೊದಲು ಪರಿಶೀಲಿಸಬೇಕಾದ ನಿಬಂಧನೆ ಇದೇ.

ಲೆಕ್ಕದ ಉದಾಹರಣೆ

ಒಂದು ಕುಟುಂಬ ಕಾರ್ಡಿನಿಂದ ತಿಂಗಳಿಗೆ 12,000 ರೂ. ವೆಚ್ಚ ಮಾಡುತ್ತದೆ ಎಂದು ಭಾವಿಸೋಣ: ಅಂಗಡಿಗಳಲ್ಲಿ 7,000, ಆನ್‌ಲೈನ್ ಖರೀದಿಗೆ 3,000, ಇಂಧನಕ್ಕೆ 2,000.

ಮೊದಲನೆಯ ಕಾರ್ಡ್ ಆನ್‌ಲೈನ್ ಖರೀದಿಗೆ ಶೇ. 5, ಅಂಗಡಿಗೆ ಶೇ. 1 ಮರಳಿಸುತ್ತದೆ, ಇಂಧನಕ್ಕೆ ಏನೂ ಇಲ್ಲ, ವಾರ್ಷಿಕ ಶುಲ್ಕ ಜಿಎಸ್‌ಟಿ ಸೇರಿ 1,179 ರೂ. ತಿಂಗಳಿಗೆ 220ರಂತೆ ವರ್ಷಕ್ಕೆ 2,640 ರೂ. ಬಂದು, ಶುಲ್ಕ ಕಳೆದರೆ ಉಳಿಯುವುದು 1,461 ರೂ. ಎರಡನೆಯ ಕಾರ್ಡಿಗೆ ಶುಲ್ಕವಿಲ್ಲ. ಇಂಧನ ಬಿಟ್ಟು ಎಲ್ಲಕ್ಕೂ ಶೇ. 1. ಅದರಿಂದ ವರ್ಷಕ್ಕೆ 1,200 ರೂ. ದೊರೆಯುತ್ತದೆ.

ಇವೆರಡರ ಅಂತರ 261 ರೂ. ಮಾತ್ರ. ಮೊದಲನೆಯ ಕಾರ್ಡ್ ಯುಪಿಐ ವೆಚ್ಚವನ್ನು ಹೊರಗಿಟ್ಟು ಅಂಗಡಿಯ ವೆಚ್ಚವೆಲ್ಲ ಕ್ಯೂಆರ್ ಮೂಲಕವೇ ಆದರೆ ಅದರ ಲಾಭ 621 ರೂ.ಗೆ ಇಳಿಯುತ್ತದೆ. ಒಂದು ತಿಂಗಳ ಬಿಲ್ಲು ತಪ್ಪಿದರೆ 12,000 ರೂ. ಮೇಲೆ ಶೇ. 3.5ರ ದರದಲ್ಲಿ ಒಂದು ತಿಂಗಳಿಗೆ 420 ರೂ. ಬಡ್ಡಿಯೂ, ವಿಳಂಬ ಶುಲ್ಕವೂ ಬಿದ್ದು ಕಾರ್ಡುಗಳ ನಡುವಿನ ಅಂತರವೇ ಅಳಿಸಿಹೋಗುತ್ತದೆ.

ಯೋಧ ದೂರವಿರುವಾಗ

ಕಾರ್ಡ್ ಯೋಧನ ಹೆಸರಿನಲ್ಲಿದ್ದರೆ ಒಟಿಪಿ ಮತ್ತು ಬಿಲ್ಲಿನ ಸಂದೇಶಗಳು ಸಾಮಾನ್ಯವಾಗಿ ಅವನ ಮೊಬೈಲಿಗೇ ಹೋಗುತ್ತವೆ. ಮೊಬೈಲ್ ಸಂಪರ್ಕವಿಲ್ಲದ ಮುಂಚೂಣಿ ನೆಲೆಯಲ್ಲಿ ಅವನಿದ್ದಾಗ ಬಿಲ್ಲಿನ ಸಂಗತಿ ಮನೆಯವರಿಗೆ ತಿಳಿಯದೆ ಹೋಗಬಹುದು. ಇದಕ್ಕೆ ಮೂರು ಪರಿಹಾರಗಳಿವೆ.

ಮೊದಲನೆಯದು, ವೇತನ ಖಾತೆಯಿಂದ ಬಿಲ್ಲು ತಾನಾಗಿ ಕಡಿತವಾಗುವಂತೆ ಸ್ಥಾಯಿ ಸೂಚನೆ ನೀಡುವುದು. ಆಗ 'ಕನಿಷ್ಠ ಮೊತ್ತ'ದ ಬದಲು 'ಪೂರ್ಣ ಮೊತ್ತ'ವನ್ನೇ ಆರಿಸಬೇಕು. ಎರಡನೆಯದು, ಪತ್ನಿಗೆ ಅಥವಾ ತಂದೆತಾಯಿಗೆ ಹೆಚ್ಚುವರಿ ಕಾರ್ಡ್ ಪಡೆಯುವುದು. ಅದರ ಬಾಕಿಗೂ ಮುಖ್ಯ ಕಾರ್ಡುದಾರನೇ ಹೊಣೆ. ಮೂರನೆಯದು, ಪತ್ನಿಯ ಹೆಸರಿನಲ್ಲಿಯೇ ನಿಶ್ಚಿತ ಠೇವಣಿಯ ಆಧಾರದ ಮೇಲೆ ಕಾರ್ಡ್ ಪಡೆಯುವುದು. ಇದರಿಂದ ಸಂದೇಶಗಳು ಆಕೆಯ ಮೊಬೈಲಿಗೇ ಬರುತ್ತವೆ, ಆಕೆಗೆ ಸ್ವಂತ ಸಾಲ ಇತಿಹಾಸವೂ ರೂಪುಗೊಳ್ಳುತ್ತದೆ. 2022ರಲ್ಲಿ ಆರಂಭವಾದ ಅಗ್ನಿಪಥ ಯೋಜನೆಯಡಿ ನಾಲ್ಕು ವರ್ಷಗಳಿಗೆ ಸೇರುವ ಅಗ್ನಿವೀರರಿಗೂ ಇಂತಹ ಕಾರ್ಡ್ ಉಪಯುಕ್ತ.

ಕಾನೂನು ಮತ್ತು ರಕ್ಷಣೆ

ಅಮೆರಿಕದಲ್ಲಿ 2003ರ ಸೇವಾ ಸದಸ್ಯರ ನಾಗರಿಕ ಪರಿಹಾರ ಕಾಯಿದೆಯು ಸೇನೆಗೆ ಸೇರುವ ಮೊದಲಿನ ಸಾಲಗಳ ಬಡ್ಡಿಯನ್ನು ಶೇ. 6ಕ್ಕೆ ಮಿತಿಗೊಳಿಸುತ್ತದೆ. ಭಾರತದ ಯೋಧರಿಗೆ ಇಂತಹ ಬಡ್ಡಿ ಮಿತಿಯಿಲ್ಲ. ಕಾರ್ಡ್ ಬಡ್ಡಿಯು ಶೇ. 30ನ್ನು ಮೀರಬಾರದೆಂಬ ರಾಷ್ಟ್ರೀಯ ಗ್ರಾಹಕ ಆಯೋಗದ 2008ರ ಆದೇಶವನ್ನು ಸರ್ವೋಚ್ಚ ನ್ಯಾಯಾಲಯ 2024ರ ಡಿಸೆಂಬರ್‌ನಲ್ಲಿ ತಳ್ಳಿಹಾಕಿತು.

ಭಾರತೀಯ ರಿಸರ್ವ್ ಬ್ಯಾಂಕಿನ ನಿರ್ದೇಶನಗಳ ಪ್ರಕಾರ ಕೇಳದೆ ಕಾರ್ಡ್ ನೀಡುವಂತಿಲ್ಲ. ಗಡುವು ಕಳೆದು ಮೂರು ದಿನಗಳಿಗಿಂತ ಹೆಚ್ಚಾದ ಮೇಲೆಯೇ ವಿಳಂಬ ಶುಲ್ಕ ವಿಧಿಸಬೇಕು. ಬಾಕಿಯಿಲ್ಲದ ಕಾರ್ಡನ್ನು ರದ್ದುಪಡಿಸಲು ಕೋರಿದರೆ ಏಳು ಕೆಲಸದ ದಿನಗಳೊಳಗೆ ರದ್ದಾಗಬೇಕು. ತಪ್ಪಿದರೆ ದಿನಕ್ಕೆ 500 ರೂ. ದಂಡವನ್ನು ಗ್ರಾಹಕನಿಗೆ ಕೊಡಬೇಕಾಗುತ್ತದೆ. ದೂರಿಗೆ 30 ದಿನಗಳಲ್ಲಿ ಪರಿಹಾರ ದೊರೆಯದಿದ್ದರೆ ಸಮಗ್ರ ಓಂಬುಡ್ಸ್‌ಮನ್ ಯೋಜನೆಯಡಿ ರಿಸರ್ವ್ ಬ್ಯಾಂಕಿಗೆ ಉಚಿತವಾಗಿ ದೂರು ಸಲ್ಲಿಸಬಹುದು; ಸಹಾಯವಾಣಿ ಸಂಖ್ಯೆ 14448.

ಕಾರ್ಡುದಾರ ಮೃತಪಟ್ಟರೆ ಬಾಕಿಯು ಅವನು ಬಿಟ್ಟುಹೋದ ಆಸ್ತಿಯಿಂದ ವಸೂಲಾಗತಕ್ಕದ್ದು. ವಾರಸುದಾರರ ಹೊಣೆ ಅವರಿಗೆ ಬಂದ ಆಸ್ತಿಯ ಮಿತಿಯೊಳಗಷ್ಟೇ. ಕೆಲವು ಕಾರ್ಡುಗಳೊಡನೆ ಅಪಘಾತ ವಿಮೆಯೂ ಇರುವುದರಿಂದ ಅದರ ನಿಬಂಧನೆಗಳ ಪ್ರತಿಯನ್ನು ಮನೆಯಲ್ಲಿ ಇರಿಸಿಕೊಳ್ಳುವುದು ಸೂಕ್ತ.