ಕಾರಿನ ಡಿಜಿಟಲ್ ರೇಡಿಯೋ: ಮೂರು ಸಲ ಹೇಳುವ ಪಾಠ

ವೇಗ = ಆವೃತ್ತಿ × ತರಂಗದೂರ. ಪ್ರೌಢಶಾಲೆಯ ಶಬ್ದ ಘಟಕದ ಈ ಸೂತ್ರವನ್ನು ಅನ್ವಯಿಸಲು ಬೋಧನಾಭ್ಯಾಸದಲ್ಲಿ ನಾನು ರೇಡಿಯೋವನ್ನು ಆಯ್ದುಕೊಂಡೆ. ರೇಡಿಯೋ ಅಲೆ ಶಬ್ದದ ಅಲೆಯಲ್ಲ, ವಿದ್ಯುತ್ಕಾಂತೀಯ ಅಲೆ ಎಂಬುದನ್ನು ಮೊದಲೇ ಸ್ಪಷ್ಟಪಡಿಸಬೇಕು. ಅದರ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ವಿಜಯಪುರ ಆಕಾಶವಾಣಿಯ ಎಫ್‌ಎಂ ಆವೃತ್ತಿ 101.8 ಮೆಗಾಹರ್ಟ್ಸ್, ತರಂಗದೂರ ಸುಮಾರು 3 ಮೀಟರ್. ಧಾರವಾಡದ ಮಧ್ಯಮ ತರಂಗ 765 ಕಿಲೋಹರ್ಟ್ಸ್. ತರಂಗದೂರ ಸುಮಾರು 392 ಮೀಟರ್.

ಎಫ್‌ಎಂ ಅಲೆ ಹೆಚ್ಚುಕಡಿಮೆ ನೇರವಾಗಿ ಸಾಗುವುದರಿಂದ ಕಾರು ದೂರ ಹೋದಂತೆ ಕ್ಷೀಣಿಸುತ್ತದೆ. ಮಧ್ಯಮ ತರಂಗ ನೆಲವನ್ನು ಅನುಸರಿಸಿ ಬಹುದೂರ ತಲುಪುತ್ತದೆ. ಆದರೆ ಎಂಜಿನ್ನಿನ ಕಿಡಿ, ವಿದ್ಯುತ್ ತಂತಿಗಳಿಂದ ಅದರಲ್ಲಿ ಗರಗರ ಸೇರುತ್ತದೆ. ಇದಕ್ಕೆ ಪರಿಹಾರ ಡಿಆರ್‌ಎಂ ಎಂಬ ಡಿಜಿಟಲ್ ಪದ್ಧತಿ. ಆಕಾಶವಾಣಿ ಇದನ್ನು ಮಧ್ಯಮ ತರಂಗದಲ್ಲಿ ಬಳಸುತ್ತಿದೆ. ಕೆಲವು ಹೊಸ ಕಾರುಗಳಲ್ಲಿ ಇದರ ಸೆಟ್ ಕಂಪನಿಯಿಂದಲೇ ಬರುತ್ತದೆ. ಕೇಳಲು ಇಂಟರ್ನೆಟ್ ಬೇಡ.

ಈ ಪದ್ಧತಿಯಲ್ಲಿ ಧ್ವನಿ 0 ಮತ್ತು 1ರ ಸಾಲಾಗಿ ಬರುತ್ತದೆ. ಸಿದ್ಧೇಶ್ವರ ಜಾತ್ರೆಯ ಗದ್ದಲದಲ್ಲಿ ನಾವು ಒಂದೇ ಮಾತನ್ನು ಮೂರು ಸಲ ಹೇಳುವುದಿಲ್ಲವೇ? ಹಾಗೆಯೇ 101 ಎಂಬುದನ್ನು 111 000 111 ಎಂದು ಕಳಿಸಿ. ದಾರಿಯಲ್ಲಿ ಅದು 110 000 111 ಆದರೂ ಬಹುಮತದಿಂದ ಮೂಲ ಸಿಗುತ್ತದೆ. ಒಂದೇ ಗುಂಪಿನಲ್ಲಿ ಎರಡು ಅಂಕಿ ಕೆಟ್ಟರೆ ಉತ್ತರವೇ ತಪ್ಪು. ನಿಜವಾದ ಸೆಟ್ಟಿನ ಲೆಕ್ಕ ಇದಕ್ಕಿಂತ ಸಂಕೀರ್ಣ, ತತ್ತ್ವ ಇದೇ. ಆದ್ದರಿಂದ ಡಿಜಿಟಲ್ ರೇಡಿಯೋ ಸ್ವಚ್ಛವಾಗಿ ಕೇಳುತ್ತದೆ. ತಪ್ಪು ಮಿತಿಮೀರಿದರೆ ಒಮ್ಮೆಲೇ ಮೌನವಾಗುತ್ತದೆ. ಹಳೆಯ ರೇಡಿಯೋದಂತೆ ನಿಧಾನವಾಗಿ ಮಸುಕಾಗುವುದಿಲ್ಲ.

ಮಕ್ಕಳು ಮೂವರ ಗುಂಪುಗಳಲ್ಲಿ ನಿಂತು, ಕೈ ಎತ್ತಿದರೆ 1, ಇಳಿಸಿದರೆ 0 ಎಂದು ಸಂದೇಶ ಕಳಿಸಿದರು. ಒಬ್ಬ ಹುಡುಗ 'ಗದ್ದಲ'ವಾಗಿ ಒಬ್ಬೊಬ್ಬರ ಕೈ ಬದಲಿಸಿದ. ಆಗ ಒಬ್ಬಳು ಕೇಳಿದಳು: "ಸರ್, ನಮ್ಮಜ್ಜನ ರೇಡಿಯೋದಾಗ ಇದು ಬರ್ತದೇನ್ರಿ?"

ಬರುವುದಿಲ್ಲ. ಹಳೆಯ ಸೆಟ್ಟಿಗೆ ಈ ಅಂಕಿಗಳನ್ನು ಬಿಡಿಸುವ ಸಾಮರ್ಥ್ಯವಿಲ್ಲ. ಹಳೆಯ ಪ್ರಸಾರ ನಿಂತರೆ ಕಾರಿನಲ್ಲಿ ಕೃಷಿ ಕಾರ್ಯಕ್ರಮ ಸ್ಪಷ್ಟವಾಗಿ ಕೇಳೀತು, ಹೊಲದಲ್ಲಿರುವ ಅಜ್ಜನಿಗೆ ಕೇಳದು. ಒಂದೇ ಪ್ರೇಷಕದಿಂದ ಎರಡೂ ಪ್ರಸಾರ ಕೊಡುವ ವ್ಯವಸ್ಥೆ ಡಿಆರ್‌ಎಂನಲ್ಲಿ ಇರುವುದು ಇದಕ್ಕಾಗಿಯೇ. ಪಾಠದ ಮೌಲ್ಯಮಾಪನಕ್ಕೆ ಅವಳ ಪ್ರಶ್ನೆಯನ್ನೇ ಕೊಟ್ಟೆ: ಹೊಸ ತಂತ್ರಜ್ಞಾನ ಬಂದಾಗ ಹಳೆಯದನ್ನು ಎಂದು ನಿಲ್ಲಿಸಬೇಕು? ಕಾರಣ ಸಹಿತ ಬರೆಯಿರಿ.