ಮಕ್ಕಳ ಮೂಗಿನಲ್ಲಿ ದುರ್ಮಾಂಸ: ಗುರುತಿಸುವ ಬಗೆ ಮತ್ತು ಚಿಕಿತ್ಸೆ

ಮಕ್ಕಳಿಗೆ ನೆಗಡಿಯಾಗುವುದು ಸಹಜ. ಎಳೆಯ ಮಕ್ಕಳಿಗೆ ವರ್ಷದಲ್ಲಿ ಆರೆಂಟು ಬಾರಿ ನೆಗಡಿಯಾದರೂ ಅದನ್ನು ವಿಶೇಷ ಕಾಯಿಲೆಯೆಂದು ಭಾವಿಸಬೇಕಾಗಿಲ್ಲ. ಒಂದು ವಾರ, ಹೆಚ್ಚೆಂದರೆ ಹತ್ತು ಹದಿನೈದು ದಿನಗಳಲ್ಲಿ ತಾನಾಗಿಯೇ ಇಳಿಯುವುದು ಅದರ ಸ್ವಭಾವ. ಆದರೆ ನೆಗಡಿ ಇಲ್ಲದಾಗಲೂ ಮೂಗು ಕಟ್ಟಿಕೊಂಡೇ ಇದ್ದು, ಮಗು ಹಗಲಿನಲ್ಲಿ ಬಾಯಿ ತೆರೆದು ಉಸಿರಾಡುತ್ತ, ರಾತ್ರಿ ಗೊರಕೆ ಹೊಡೆಯುತ್ತ ತಿಂಗಳುಗಳನ್ನು ಕಳೆಯುತ್ತಿದ್ದರೆ ಕಾರಣವನ್ನು ಹುಡುಕಲೇಬೇಕು. ಅಂತಹ ಕಾರಣಗಳಲ್ಲೊಂದು ಮೂಗಿನೊಳಗಿನ ದುರ್ಮಾಂಸ, ಅಂದರೆ ವೈದ್ಯರು ಪಾಲಿಪ್ ಎಂದು ಕರೆಯುವ ಬೆಳವಣಿಗೆ.

ಉದ್ಯೋಗದ ನಿಮಿತ್ತ ಗುಜರಾತಿನ ಅಹಮದಾಬಾದು, ವಡೋದರ ಮತ್ತು ಸೂರತ್ ನಗರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳನ್ನು ಮುಖ್ಯವಾಗಿ ಗಮನದಲ್ಲಿರಿಸಿಕೊಂಡು ಈ ಲೇಖನವನ್ನು ಸಿದ್ಧಪಡಿಸಲಾಗಿದೆ. ಬ್ಯಾಂಕು, ತೈಲ ಶುದ್ಧೀಕರಣ, ಬಾಹ್ಯಾಕಾಶ ಸಂಶೋಧನೆ, ಹೋಟೆಲು ಮುಂತಾದ ಕೆಲಸಗಳಲ್ಲಿ ತೊಡಗಿರುವ ಈ ಕುಟುಂಬಗಳಿಗೆ ಮಗುವಿನ ತೊಂದರೆಯನ್ನು ಬೇರೊಂದು ಭಾಷೆಯಲ್ಲಿ ವಿವರಿಸಬೇಕಾದ ಕಷ್ಟವೂ ಇರುತ್ತದೆ. ರೋಗದ ಕುರಿತಾದ ಸಂಗತಿಗಳು ಮಾತ್ರ ಎಲ್ಲ ಊರುಗಳ ಓದುಗರಿಗೂ ಸಮಾನವಾಗಿ ಅನ್ವಯಿಸುತ್ತವೆ.

ಹೆಸರು ಹುಟ್ಟಿಸುವ ಭಯ

‘ದುರ್ಮಾಂಸ’ ಎಂಬ ಪದವನ್ನು ಕೇಳಿದೊಡನೆ ಅನೇಕ ತಾಯಿತಂದೆಯರು ಅರ್ಬುದ ರೋಗವೆಂದೇ ಬಗೆದು ಕಂಗೆಡುತ್ತಾರೆ. ಗುಜರಾತಿಯಲ್ಲಿ ಇದನ್ನು ‘ಮಸಾ’ ಎನ್ನುತ್ತಾರೆ. ಚರ್ಮದ ಮೇಲಿನ ನರೂಲಿಗೂ ಮೂಲವ್ಯಾಧಿಗೂ ಅಲ್ಲಿ ಇದೇ ಮಾತು ಬಳಕೆಯಲ್ಲಿದೆ. ನಮ್ಮ ಪ್ರಾಚೀನ ವೈದ್ಯಗ್ರಂಥವಾದ ಸುಶ್ರುತ ಸಂಹಿತೆಯೂ ಮೂಲವ್ಯಾಧಿಯ ಹೆಸರನ್ನೇ ಮೂಗಿಗೆ ಹೊಂದಿಸಿ ‘ನಾಸಾರ್ಶ’ ಎಂದಿದೆ. ಹೆಸರುಗಳು ಹೀಗೆ ಭಯವನ್ನೋ ಗೊಂದಲವನ್ನೋ ಹುಟ್ಟಿಸಿದರೂ ವಸ್ತುಸ್ಥಿತಿ ಅಷ್ಟು ಭೀಕರವಾದುದಲ್ಲ. ಪಾಲಿಪ್ ಎಂಬುದು ಮೂಗಿನ ಅಥವಾ ಸೈನಸ್ಸಿನ ಒಳಗನ್ನು ಹೊದ್ದಿರುವ ಲೋಳೆಪೊರೆಯು ದೀರ್ಘಕಾಲದ ಉರಿಯೂತದಿಂದ ನೀರು ತುಂಬಿ ಊದಿ, ಜೋತುಬಿದ್ದು ಆಗುವ ಗಡ್ಡೆ. ಅದು ಸಾಮಾನ್ಯವಾಗಿ ಮಸುಕು ಬಣ್ಣದ್ದಾಗಿದ್ದು, ಸುಲಿದ ದ್ರಾಕ್ಷಿಯಂತೆ ನುಣುಪಾಗಿ ಹೊಳೆಯುತ್ತದೆ. ಮುಟ್ಟಿದರೆ ನೋವಾಗುವುದಿಲ್ಲ. ಅದು ಅರ್ಬುದವಲ್ಲ.

ಹತ್ತು ವರ್ಷಕ್ಕಿಂತ ಚಿಕ್ಕ ಮಕ್ಕಳಲ್ಲಿ ನಿಜವಾದ ಪಾಲಿಪ್ ಅಪರೂಪ. ವಯಸ್ಕರಲ್ಲಿ ಕಾಣುವುದಕ್ಕಿಂತ ಅದು ಎಷ್ಟೋ ಪಾಲು ಕಡಿಮೆ. ಆದುದರಿಂದ ಮಗುವಿನ ಮೂಗಿನಲ್ಲಿ ‘ಮಾಂಸ ಬೆಳೆದಿದೆ’ ಎಂದು ಯಾರಾದರೂ ಹೇಳಿದಾಗ, ಅದು ನಿಜಕ್ಕೂ ಪಾಲಿಪ್ ಆಗಿದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಚಿಕಿತ್ಸೆಯ ಮಾತು ಅನಂತರದ್ದು.

ಪಾಲಿಪ್‌ನಂತೆ ತೋರುವ ಇತರ ಸ್ಥಿತಿಗಳು

ತಾಯಂದಿರು ಟಾರ್ಚ್ ಬೆಳಕಿನಲ್ಲಿ ಮಗುವಿನ ಮೂಗನ್ನು ನೋಡಿ ಗಾಬರಿಗೊಳ್ಳುವುದು ಬಹುಮಟ್ಟಿಗೆ ಟರ್ಬಿನೇಟ್ ಎಂಬ ಸಹಜ ಅಂಗವನ್ನು ಕಂಡು. ಮೂಗಿನ ಹೊರಗೋಡೆಯಿಂದ ಚಾಚಿಕೊಂಡಿರುವ ಈ ಭಾಗವು ಎಲ್ಲರಲ್ಲಿಯೂ ಇರುತ್ತದೆ; ಅಲರ್ಜಿಯಿರುವ ಮಕ್ಕಳಲ್ಲಿ ಊದಿಕೊಂಡು ಗಡ್ಡೆಯಂತೆ ಕಾಣುತ್ತದೆ. ಅದನ್ನು ಮುಟ್ಟಿದರೆ ಮಗುವಿಗೆ ತಿಳಿಯುತ್ತದೆ, ನೋಯುತ್ತದೆ. ಇದಕ್ಕೆ ಅಲರ್ಜಿಯ ಔಷಧೋಪಚಾರ ಸಾಕು.

ಮೂರರಿಂದ ಏಳು ವರ್ಷದ ಮಕ್ಕಳು ಬಾಯಿಯಿಂದ ಉಸಿರಾಡುವುದಕ್ಕೆ ಅತಿ ಸಾಮಾನ್ಯ ಕಾರಣ ಅಡಿನಾಯ್ಡ್ ಗ್ರಂಥಿಯ ಊತ. ಇದು ಮೂಗಿನ ಹಿಂಭಾಗದಲ್ಲಿ, ಗಂಟಲಿನ ಮೇಲ್ತುದಿಯಲ್ಲಿ ಇರುವುದರಿಂದ ಮುಂದಿನಿಂದ ಕಾಣಿಸುವುದಿಲ್ಲ. ಇದರೊಡನೆ ಕಿವಿಯ ಒಳಗೆ ದ್ರವ ನಿಂತು ಶ್ರವಣಶಕ್ತಿ ಕುಗ್ಗುವುದುಂಟು. ತರಗತಿಯಲ್ಲಿ ‘ಗಮನ ಕೊಡುವುದಿಲ್ಲ’ ಎಂಬ ದೂರಿಗೆ ಗುರಿಯಾದ ಎಷ್ಟೋ ಮಕ್ಕಳಿಗೆ ವಾಸ್ತವವಾಗಿ ಕಿವಿ ಸರಿಯಾಗಿ ಕೇಳುತ್ತಿರುವುದಿಲ್ಲ. ಗುಜರಾತಿ ಅಥವಾ ಆಂಗ್ಲ ಮಾಧ್ಯಮಕ್ಕೆ ಹೊಸದಾಗಿ ಸೇರಿದ ಕನ್ನಡದ ಮಗುವಾದರೆ ಭಾಷೆ ಬಾರದೆಂಬ ನೆಪದಲ್ಲಿ ಈ ಕೊರತೆ ಮರೆಯಾಗಿಯೇ ಉಳಿಯುವ ಸಂಭವವಿದೆ.

ಒಂದೇ ಹೊಳ್ಳೆಯಿಂದ ದುರ್ವಾಸನೆಯ ಕೀವು ಸೋರುತ್ತಿದ್ದರೆ, ಮಗು ಹುಣಸೆಬೀಜ, ಮಣಿ, ಸ್ಪಂಜಿನ ಚೂರು ಇಂಥದೇನನ್ನಾದರೂ ಮೂಗಿಗೆ ತುರುಕಿಕೊಂಡಿರಬಹುದೇ ಎಂದು ಮೊದಲು ಶಂಕಿಸಬೇಕು. ಗಡಿಯಾರ ಹಾಗೂ ಆಟಿಕೆಗಳಲ್ಲಿ ಬಳಸುವ ಬಿಲ್ಲೆಯಾಕಾರದ ಬ್ಯಾಟರಿ ಸಿಕ್ಕಿಕೊಂಡಿದ್ದರೆ ಅದು ತುರ್ತು ಪರಿಸ್ಥಿತಿ: ಕೆಲವೇ ಗಂಟೆಗಳಲ್ಲಿ ಅದು ಮೂಗಿನ ನಡುಗೋಡೆಯನ್ನು ಸುಟ್ಟು ರಂಧ್ರ ಮಾಡಬಲ್ಲದು.

ಇನ್ನೆರಡು ಸ್ಥಿತಿಗಳು ವಿರಳವಾದರೂ ಅಪಾಯಕಾರಿಯಾದುದರಿಂದ ತಿಳಿದಿರಲೇಬೇಕು. ಶಿಶುವಿನ ಮೂಗಿನಲ್ಲಿ ಹುಟ್ಟಿನಿಂದಲೇ ಗಡ್ಡೆಯಿದ್ದು ಅತ್ತಾಗ ಅದು ಉಬ್ಬಿದರೆ, ಅದು ತಲೆಬುರುಡೆಯ ಬಿರುಕಿನ ಮೂಲಕ ಇಳಿದುಬಂದ ಮೆದುಳಿನ ಪೊರೆಯಾಗಿರಬಹುದು. ಹದಿಹರೆಯದ ಹುಡುಗನಿಗೆ ಮೂಗು ಕಟ್ಟುವುದರೊಡನೆ ಪದೇ ಪದೇ ಧಾರಾಳವಾಗಿ ರಕ್ತ ಸುರಿಯುತ್ತಿದ್ದರೆ, ಅದು ಆಂಜಿಯೋಫೈಬ್ರೋಮಾ ಎಂಬ ರಕ್ತನಾಳಗಳ ಗಂಟಾಗಿರಬಹುದು. ಮೊದಲನೆಯದನ್ನು ಪಾಲಿಪ್ ಎಂದು ತಿಳಿದು ಕತ್ತರಿಸಿದರೆ ಮೆದುಳಿಗೆ ಸೋಂಕು ತಗಲುತ್ತದೆ. ಎರಡನೆಯದರಲ್ಲಿ ರಕ್ತಸ್ರಾವ ಪ್ರಾಣಕ್ಕೆ ಎರವಾಗಬಹುದು. ರಸ್ತೆಬದಿಯ ಫಲಕಗಳಲ್ಲಿ ‘ಶಸ್ತ್ರಚಿಕಿತ್ಸೆಯಿಲ್ಲದೆ ಮೂಗಿನ ಮಾಂಸ ಕರಗಿಸಲಾಗುವುದು’ ಎಂದು ಸಾರಿ, ಮೂಲವ್ಯಾಧಿಗೂ ಮೂಗಿಗೂ ಒಂದೇ ದಾಹಕ ದ್ರವವನ್ನು ಹಚ್ಚುವವರ ಬಳಿಗೆ ಮಗುವನ್ನು ಒಯ್ಯಕೂಡದೆಂಬುದಕ್ಕೆ ಇಷ್ಟೇ ಕಾರಣ ಸಾಕು. ಗಡ್ಡೆ ಯಾವುದೆಂದು ತಿಳಿಯುವ ಸಾಧನ ಅವರಲ್ಲಿ ಇರುವುದಿಲ್ಲ.

ಒಂದು ಹೊಳ್ಳೆಯೇ, ಎರಡೂ ಹೊಳ್ಳೆಗಳೇ?

ಮಕ್ಕಳಲ್ಲಿ ಕಾಣುವ ನಿಜವಾದ ಪಾಲಿಪ್‌ಗಳಲ್ಲಿ ಎರಡು ಬಗೆಗಳಿವೆ. ಕೆನ್ನೆಯ ಎಲುಬಿನೊಳಗಿನ ಸೈನಸ್ಸಿನಲ್ಲಿ ಹುಟ್ಟಿ, ಸಣ್ಣ ಕಿಂಡಿಯ ಮೂಲಕ ಮೂಗಿಗೆ ಇಳಿದು, ಹಿಂದಕ್ಕೆ ಬೆಳೆದು ಗಂಟಲಿನತ್ತ ತೂಗಾಡುವುದು ಮೊದಲನೆಯ ಬಗೆ. ಇದರ ಮೂಲಸ್ಥಾನವನ್ನು ಜರ್ಮನಿಯ ವೈದ್ಯ ಗುಸ್ತಾವ್ ಕಿಲಿಯಾನ್ 1906ರಲ್ಲಿ ವಿವರಿಸಿದ್ದರಿಂದ ಇದಕ್ಕೆ ಕಿಲಿಯಾನ್ ಪಾಲಿಪ್ ಎಂಬ ಹೆಸರೂ ಇದೆ. ಸಾಮಾನ್ಯವಾಗಿ ಇದು ಒಂಟಿ, ಒಂದೇ ಬದಿಯದು. ಬಾಯಿ ತೆರೆಸಿದಾಗ ಕಿರುನಾಲಗೆಯ ಹಿಂದೆ ಗಡ್ಡೆ ಇಣುಕುವುದೂ ಉಂಟು.

ಎರಡನೆಯದು ಕಣ್ಣುಗಳ ನಡುವಣ ಸೈನಸ್ಸುಗಳಿಂದ ಗೊಂಚಲಾಗಿ ಎರಡೂ ಹೊಳ್ಳೆಗಳಿಗೆ ಇಳಿಯುವ ಬಗೆ. ಅಲರ್ಜಿ, ಉಬ್ಬಸ ಹಾಗೂ ಬಹುಕಾಲದ ಸೈನಸ್ ಉರಿಯೂತ ಇರುವವರಲ್ಲಿ ಇದು ಕಂಡುಬರುತ್ತದೆ. ಚಿಕ್ಕ ಮಗುವಿಗೆ ಎರಡೂ ಬದಿಯಲ್ಲಿ ಪಾಲಿಪ್ ಇದ್ದರೆ ವೈದ್ಯರು ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ರೋಗವನ್ನು ನೆನೆಯುತ್ತಾರೆ. ಮಗುವಿಗೆ ಪದೇ ಪದೇ ಎದೆಯ ಸೋಂಕಾಗುವುದು, ಜಿಡ್ಡಿನ ಭೇದಿ, ತೂಕ ಏರದಿರುವುದು, ಮುತ್ತಿಟ್ಟಾಗ ಚರ್ಮ ಅತಿ ಉಪ್ಪೆನಿಸುವುದು ಇದರ ಚಿಹ್ನೆಗಳು. ಬೆವರಿನ ಲವಣಾಂಶವನ್ನು ಅಳೆಯುವ ಪರೀಕ್ಷೆಯಿಂದ ಇದನ್ನು ಪತ್ತೆ ಮಾಡಬಹುದು. ಭಾರತೀಯ ಮಕ್ಕಳಿಗೆ ಈ ರೋಗ ಬರುವುದಿಲ್ಲವೆಂದು ಹಿಂದೆ ತಿಳಿಯಲಾಗಿತ್ತು. ಅದು ಸರಿಯಲ್ಲವೆಂದು ಈಗ ತಿಳಿದುಬಂದಿದೆ. ಬೆಳೆದ ಮಕ್ಕಳಲ್ಲಿ ಗಾಳಿಯಲ್ಲಿನ ಶಿಲೀಂಧ್ರಗಳ ಅಲರ್ಜಿಯಿಂದಲೂ ಪಾಲಿಪ್ ಉಂಟಾಗುತ್ತದೆ. ಕಣ್ಣುಗುಡ್ಡೆ ಮುಂದೆ ಬಂದಂತೆ ಕಾಣುವುದು, ಒಂದು ವಸ್ತು ಎರಡಾಗಿ ತೋರುವುದು ಇದರ ಉಲ್ಬಣಾವಸ್ಥೆಯ ಸೂಚನೆಗಳಾದುದರಿಂದ ಅಂದೇ ಆಸ್ಪತ್ರೆಗೆ ಧಾವಿಸಬೇಕು.

ಮನೆಯಲ್ಲಿ ಮಾಡಬಹುದಾದ ಸರಳ ಪರಿಶೀಲನೆಯೊಂದಿದೆ. ಮಗು ಬಾಯಿ ಮುಚ್ಚಿಕೊಂಡಿರುವಾಗ ತಣ್ಣನೆಯ ಸ್ಟೀಲ್ ಚಮಚವನ್ನು ಮೂಗಿನ ಕೆಳಗೆ ಹಿಡಿದರೆ ಉಸಿರಿನ ಹಬೆ ಅದರ ಮೇಲೆ ಮೂಡುತ್ತದೆ. ಎರಡು ಕಡೆಯೂ ಸಮನಾಗಿ ಮೂಡುತ್ತಿದೆಯೇ, ಒಂದು ಕಡೆ ಇಲ್ಲವೇ ಎಂದು ನೋಡಿಕೊಂಡರೆ ವೈದ್ಯರಿಗೆ ಹೇಳಲು ಅನುಕೂಲ. ಇದರೊಡನೆ ಮಗುವಿನ ಮಾತು ಮೂಗು ಹಿಡಿದುಕೊಂಡು ಆಡಿದಂತಿದೆಯೇ (‘ಮ’ ಎಂಬುದು ‘ಬ’ ಆಗುತ್ತದೆ), ಒಗ್ಗರಣೆಯ ವಾಸನೆ ತಿಳಿಯುತ್ತದೆಯೇ, ನಿದ್ರೆಯಲ್ಲಿ ಉಸಿರು ಕ್ಷಣಕಾಲ ನಿಂತಂತಾಗುತ್ತದೆಯೇ ಎಂಬುದನ್ನೂ ಗಮನಿಸಿರಬೇಕು.

ಆಸ್ಪತ್ರೆಯಲ್ಲಿ

ಅಹಮದಾಬಾದಿನ ಅಸಾರ್ವಾದಲ್ಲಿರುವ ಸಿವಿಲ್ ಆಸ್ಪತ್ರೆ, ವಡೋದರದ ಸರ್ ಸಯಾಜಿರಾವ್ ಜನರಲ್ ಆಸ್ಪತ್ರೆ, ಸೂರತ್ತಿನ ಮಜೂರಾ ಗೇಟ್ ಬಳಿಯ ನ್ಯೂ ಸಿವಿಲ್ ಆಸ್ಪತ್ರೆ ಇವು ವೈದ್ಯಕೀಯ ಕಾಲೇಜುಗಳಿಗೆ ಸೇರಿದ ಸರ್ಕಾರಿ ಆಸ್ಪತ್ರೆಗಳು. ಇಲ್ಲಿ ಕಿವಿ, ಮೂಗು, ಗಂಟಲು ವಿಭಾಗಗಳಿವೆ. ಮೊದಲು ಕೇಸ್ ಪೇಪರ್ ಮಾಡಿಸಿಕೊಂಡು ಹೊರರೋಗಿ ವಿಭಾಗಕ್ಕೆ ಹೋಗಬೇಕು. ಗುಜರಾತಿಯಲ್ಲಿ ನೆಗಡಿಗೆ ‘ಶರದಿ’, ಮೂಗು ಕಟ್ಟಿದೆ ಎನ್ನಲು ‘ನಾಕ್ ಬಂಧ್’. ಗೊರಕೆಗೆ ‘ನಸ್ಕೋರಾ’ ಎನ್ನುತ್ತಾರೆ. ‘ನಸ್ಕೋರಿ’ ಎಂದರೆ ಮೂಗಿನಿಂದ ರಕ್ತ ಬರುವುದು. ಕೊನೆಯ ಸ್ವರವೊಂದು ವ್ಯತ್ಯಾಸವಾದರೆ ರೋಗಲಕ್ಷಣವೇ ಬೇರೆಯಾಗುವುದರಿಂದ ಈ ಎರಡು ಪದಗಳ ವಿಷಯದಲ್ಲಿ ಎಚ್ಚರ ಅಗತ್ಯ.

ತಜ್ಞರು ತೆಳುವಾದ ಎಂಡೋಸ್ಕೋಪ್ ನಳಿಕೆಯಿಂದ ಮೂಗಿನ ಒಳಭಾಗವನ್ನು ಪರೀಕ್ಷಿಸುತ್ತಾರೆ. ಅಲ್ಲಿಯ ಜನ ಇದನ್ನು ‘ದೂರ್‌ಬೀನ್’ ಎಂದೇ ಕರೆಯುತ್ತಾರೆ. ಅಗತ್ಯವೆನಿಸಿದರೆ ಸಿ.ಟಿ. ಸ್ಕ್ಯಾನ್ ಮಾಡಿಸಲಾಗುತ್ತದೆ. ಮಕ್ಕಳನ್ನು ಅನಾವಶ್ಯಕವಾಗಿ ವಿಕಿರಣಕ್ಕೆ ಒಡ್ಡಬಾರದೆಂಬ ಕಾರಣದಿಂದ ಪ್ರತಿ ನೆಗಡಿಗೂ ಸ್ಕ್ಯಾನ್ ಕೇಳುವುದು ತರವಲ್ಲ. ಆದರೆ ಶಸ್ತ್ರಚಿಕಿತ್ಸೆಗೆ ಮುನ್ನ ಅದು ಬೇಕೇ ಬೇಕು.

ಔಷಧೋಪಚಾರ

ಎರಡೂ ಬದಿಯ ಪಾಲಿಪ್‌ಗಳಿಗೆ ಮೊದಲ ಚಿಕಿತ್ಸೆ ಔಷಧವೇ. ಮೊಮೆಟಾಸೋನ್, ಫ್ಲೂಟಿಕಾಸೋನ್ ಮುಂತಾದ ಸ್ಟಿರಾಯ್ಡ್ ಸಿಂಪಡಿಕೆಗಳು ಊತವನ್ನು ತಗ್ಗಿಸುತ್ತವೆ. ಸ್ಟಿರಾಯ್ಡ್ ಎಂದೊಡನೆ ಹಿಂಜರಿಯುವ ಅಗತ್ಯವಿಲ್ಲ. ಈ ಔಷಧಗಳು ಮೂಗಿನಲ್ಲಿಯೇ ಕೆಲಸ ಮಾಡಿ ರಕ್ತಕ್ಕೆ ಅತ್ಯಲ್ಪ ಪ್ರಮಾಣದಲ್ಲಿ ಸೇರುತ್ತವೆ. ಆದರೂ ಬಹುಕಾಲ ಬಳಸುವಾಗ ಮಗುವಿನ ಎತ್ತರವನ್ನು ಆಗಾಗ ಅಳೆಸುತ್ತಿರಬೇಕು. ತಲೆಯನ್ನು ತುಸು ಮುಂದಕ್ಕೆ ಬಾಗಿಸಿ, ಬಲಗೈಯಿಂದ ಎಡ ಹೊಳ್ಳೆಗೂ ಎಡಗೈಯಿಂದ ಬಲ ಹೊಳ್ಳೆಗೂ, ನಡುಗೋಡೆಗೆ ತಾಗದಂತೆ ಕಿವಿಯ ದಿಕ್ಕಿಗೆ ಸಿಂಪಡಿಸುವುದು ಸರಿಯಾದ ಕ್ರಮ. ಗುಣ ಕಾಣಲು ಒಂದೆರಡು ವಾರ ಹಿಡಿಯುತ್ತದೆ. ಎರಡು ದಿನ ಹಾಕಿ ‘ಪ್ರಯೋಜನವಿಲ್ಲ’ ಎಂದು ಬಿಡುವವರೇ ಹೆಚ್ಚು.

ಉಪ್ಪುನೀರಿನಿಂದ ಮೂಗನ್ನು ತೊಳೆಯುವುದೂ ಸಹಾಯಕ. ಕುದಿಸಿ ಆರಿಸಿದ ಒಂದು ಲೋಟ (ಸುಮಾರು 250 ಮಿಲಿಲೀಟರ್) ನೀರಿಗೆ ಅರ್ಧ ಟೀ ಚಮಚಕ್ಕಿಂತ ತುಸು ಕಡಿಮೆ ಉಪ್ಪು ಸಾಕು. ನಲ್ಲಿಯ ನೀರನ್ನು ನೇರವಾಗಿ ಬಳಸಲಾಗದು. ಅಂಗಡಿಯಲ್ಲಿ ಕೊಳ್ಳುವ, ಕ್ಷಣಾರ್ಧದಲ್ಲಿ ಮೂಗು ಬಿಡಿಸುವ ಕ್ಸೈಲೋಮೆಟಜೋಲಿನ್ ಮುಂತಾದ ಹನಿಗಳನ್ನು ಮಾತ್ರ ವೈದ್ಯರ ಸಲಹೆಯಿಲ್ಲದೆ ಹಾಕಬಾರದು. ಐದು ದಿನಗಳಿಗಿಂತ ಹೆಚ್ಚು ಬಳಸಿದರೆ ಮೂಗು ಹನಿಗೇ ದಾಸನಾಗಿ, ಮೊದಲಿಗಿಂತ ಬಿಗಿಯಾಗಿ ಕಟ್ಟಿಕೊಳ್ಳುತ್ತದೆ.

ಶಸ್ತ್ರಚಿಕಿತ್ಸೆ

ಕಿಲಿಯಾನ್ ಪಾಲಿಪ್ ಔಷಧದಿಂದ ಕರಗುವುದಿಲ್ಲ. ಅದಕ್ಕೆ ಶಸ್ತ್ರಚಿಕಿತ್ಸೆಯೇ ಮಾರ್ಗ. ಹಿಂದೆ ತಂತಿಯ ಕುಣಿಕೆ ಹಾಕಿ ಮೂಗಿನಲ್ಲಿ ಕಾಣುವ ಭಾಗವನ್ನಷ್ಟೇ ಕಿತ್ತು ತೆಗೆಯುತ್ತಿದ್ದರು. ಸೈನಸ್ಸಿನೊಳಗೆ ಬುಡ ಹಾಗೆಯೇ ಉಳಿಯುತ್ತಿದ್ದುದರಿಂದ ಗಡ್ಡೆ ಮತ್ತೆ ಬೆಳೆಯುತ್ತಿತ್ತು. ಮೇಲ್ತುಟಿಯ ಒಳಗಿನಿಂದ ಎಲುಬು ಕೊರೆದು ಬುಡವನ್ನು ತಲುಪುವ ವಿಧಾನವೂ ಇದೆ. ಆದರೆ ಮಕ್ಕಳಲ್ಲಿ ಇನ್ನೂ ಹುಟ್ಟದ ಹಲ್ಲುಗಳ ಮೊಳಕೆಗಳು ಅಲ್ಲಿಯೇ ಇರುವುದರಿಂದ ಅದನ್ನು ಸಾಧ್ಯವಾದಷ್ಟೂ ಕೈಬಿಡಲಾಗುತ್ತದೆ. 1980ರ ದಶಕದಿಂದ ಪ್ರಚಾರಕ್ಕೆ ಬಂದ ಎಂಡೋಸ್ಕೋಪ್ ಶಸ್ತ್ರಚಿಕಿತ್ಸೆಯಲ್ಲಿ ಮುಖದ ಮೇಲೆ ಗಾಯವಿಲ್ಲದೆ ಹೊಳ್ಳೆಯ ಮೂಲಕವೇ ಬುಡವನ್ನು ತಲುಪಬಹುದು. ಪೂರ್ಣ ಅರಿವಳಿಕೆ ನೀಡಿ ಇದನ್ನು ಮಾಡಲಾಗುತ್ತದೆ.

‘ಬುಡ ಸಮೇತ ತೆಗೆಯುತ್ತೀರಾ?’ ಎಂದು ಶಸ್ತ್ರವೈದ್ಯರನ್ನು ಕೇಳುವುದರಲ್ಲಿ ಸಂಕೋಚಪಡಬೇಕಾಗಿಲ್ಲ. ತೆಗೆದ ಗಡ್ಡೆಯನ್ನು ಸೂಕ್ಷ್ಮದರ್ಶಕ ಪರೀಕ್ಷೆಗೆ ಕಳುಹಿಸಿ ವರದಿ ಪಡೆಯುವುದೂ ಅವಶ್ಯ. ಎರಡೂ ಬದಿಯ ಪಾಲಿಪ್‌ಗಳಲ್ಲಿ ಔಷಧ ಸಾಲದೆ ಶಸ್ತ್ರಚಿಕಿತ್ಸೆ ಮಾಡಿದರೂ ಮೂಲವಾದ ಅಲರ್ಜಿ ಹೋಗುವುದಿಲ್ಲ; ಸಿಂಪಡಿಕೆ ಹಾಗೂ ಮೂಗು ತೊಳೆಯುವುದನ್ನು ಮುಂದುವರಿಸದಿದ್ದರೆ ಅವು ಮರಳಿ ಬರುತ್ತವೆ.

ವೆಚ್ಚದ ವಿಷಯ

ಸೆಪ್ಟೆಂಬರ್ 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆಯಡಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಒಳರೋಗಿ ಚಿಕಿತ್ಸೆಯ ರಕ್ಷಣೆಯಿದೆ. ಗುಜರಾತ್ ಸರ್ಕಾರವು 2023ರಲ್ಲಿ ತನ್ನ ರಾಜ್ಯದಲ್ಲಿ ಈ ಮಿತಿಯನ್ನು 10 ಲಕ್ಷಕ್ಕೆ ಏರಿಸಿತು. ಕರ್ನಾಟಕದಲ್ಲಿ ಪಡೆದ ಕಾರ್ಡನ್ನು ಅನ್ಯ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲಿ ಬಳಸಲು ಯೋಜನೆಯಲ್ಲಿ ಅವಕಾಶವಿದೆ. ತಮಗೆ ಬೇಕಾದ ಚಿಕಿತ್ಸೆ ಅದರಡಿ ದೊರೆಯುವುದೇ ಎಂಬುದನ್ನು 14555 ದೂರವಾಣಿಯಲ್ಲಿ ಅಥವಾ ಆಸ್ಪತ್ರೆಯ ಯೋಜನಾ ಕೌಂಟರಿನಲ್ಲಿ ದಾಖಲಾಗುವ ಮೊದಲೇ ವಿಚಾರಿಸಿಕೊಳ್ಳಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡಗಳು ಅಂಗನವಾಡಿ ಹಾಗೂ ಸರ್ಕಾರಿ ಶಾಲೆಗಳಿಗೆ ಬಂದಾಗ, ಬಾಯಿಯಿಂದ ಉಸಿರಾಡುವ ಅಥವಾ ಕಿವಿ ಮಂದವಾಗಿರುವ ಮಗುವನ್ನು ಶಿಕ್ಷಕರು ಅವರಿಗೆ ತೋರಿಸಬಹುದು.

ಶಸ್ತ್ರಚಿಕಿತ್ಸೆಯ ಬಳಿಕ ಕೆಲವು ದಿನ ಮಗು ಜೋರಾಗಿ ಮೂಗು ಸೀಟದಂತೆ ನೋಡಿಕೊಳ್ಳಬೇಕು. ಹೊಸ ರಕ್ತ ಸುರಿದರೆ, ಜ್ವರ ಬಂದರೆ, ಕಣ್ಣಿನ ಸುತ್ತ ಊತ ಕಂಡರೆ ಗೊತ್ತುಪಡಿಸಿದ ದಿನಕ್ಕಾಗಿ ಕಾಯದೆ ಆಸ್ಪತ್ರೆಗೆ ಮರಳಬೇಕು. ಪಾಲಿಪ್ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ನಂತರ ಮರುಕಳಿಸಬಹುದಾದುದರಿಂದ, ಅಷ್ಟರಲ್ಲಿ ವರ್ಗಾವಣೆಯಾಗಿ ಬೆಂಗಳೂರಿಗೋ ಹುಬ್ಬಳ್ಳಿಗೋ ಹೊರಡುವ ಕುಟುಂಬಗಳು ಕೇಸ್ ಪೇಪರ್, ಸ್ಕ್ಯಾನಿನ ಫಿಲ್ಮುಗಳು ಮತ್ತು ಗಡ್ಡೆಯ ಪರೀಕ್ಷಾ ವರದಿಯನ್ನು ಮನೆಸಾಮಾನಿನ ಲಾರಿಯಲ್ಲಿ ಹಾಕದೆ ಕೈಚೀಲದಲ್ಲಿಯೇ ಇರಿಸಿಕೊಳ್ಳುವುದು ಒಳಿತು.