ಹಕ್ಕು ಬದಲಾವಣೆಯ ಕೋರಿಕೆ: ಗಣಕದಲ್ಲಿ ದಾಖಲೆ ಸೃಷ್ಟಿಯಾಗುವ ಬಗೆ

ಗಿರಿನಗರ ಹಾಗೂ ಸುತ್ತಮುತ್ತಲ ಬಡಾವಣೆಗಳ ಅನೇಕ ಕುಟುಂಬಗಳು ಬೆಂಗಳೂರಿನಲ್ಲಿ ಮನೆ ಹೊಂದಿರುವುದರ ಜೊತೆಗೆ, ಸ್ವಂತ ಊರಿನಲ್ಲಿ ಪಿತ್ರಾರ್ಜಿತ ಜಮೀನನ್ನೂ ಹೊಂದಿರುತ್ತವೆ. ಮಾಲೀಕರು ಮರಣ ಹೊಂದಿದ ನಂತರವೂ ಅಂತಹ ಜಮೀನಿನ ಪಹಣಿಯು ಹಲವು ವರ್ಷಗಳ ಕಾಲ ಮೃತರ ಹೆಸರಿನಲ್ಲಿಯೇ ಮುಂದುವರಿಯುವುದುಂಟು. "ದಾಖಲೆಗಳೆಲ್ಲವೂ ಗಣಕೀಕರಣವಾಗಿವೆ, ಹೆಸರು ತಾನಾಗಿಯೇ ಬದಲಾಗುತ್ತದೆ" ಎಂಬ ಭಾವನೆಯೇ ಇದಕ್ಕೆ ಮುಖ್ಯ ಕಾರಣ. ಈ ಭಾವನೆ ಸರಿಯಲ್ಲ. ಗಣಕವು ಯಾವ ಸಂದರ್ಭದಲ್ಲಿ ತಾನಾಗಿ ಕೋರಿಕೆಯನ್ನು ಸೃಷ್ಟಿಸುತ್ತದೆ, ಯಾವ ಸಂದರ್ಭದಲ್ಲಿ ನಾಗರಿಕರೇ ಮುಂದಾಗಬೇಕು ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ.

ಭೂಮಿ ತಂತ್ರಾಂಶ

ಪಹಣಿಗಳ ಗಣಕೀಕರಣಕ್ಕಾಗಿ ಕರ್ನಾಟಕ ಸರ್ಕಾರವು 2000ರ ಸುಮಾರಿಗೆ "ಭೂಮಿ" ಯೋಜನೆಯನ್ನು ಆರಂಭಿಸಿತು. ಇದರ ತಂತ್ರಾಂಶವನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ರೂಪಿಸಿತು. ಸುಮಾರು 67 ಲಕ್ಷ ಹಿಡುವಳಿದಾರರಿಗೆ ಸಂಬಂಧಿಸಿದ ಸುಮಾರು 2 ಕೋಟಿ ದಾಖಲೆಗಳನ್ನು ಗಣಕಕ್ಕೆ ಅಳವಡಿಸಲಾಯಿತು. ಅದಕ್ಕೂ ಮೊದಲು ಕೈಬರಹದ ಪಹಣಿ ಪುಸ್ತಕಗಳು ಗ್ರಾಮ ಲೆಕ್ಕಿಗರ ವಶದಲ್ಲಿರುತ್ತಿದ್ದವು. ಅರ್ಜಿ ತಲುಪಿದೆಯೇ, ಯಾರ ಅರ್ಜಿ ಮೊದಲು ಬಂದಿತು ಎಂಬುದನ್ನು ಅರ್ಜಿದಾರರು ತಿಳಿಯುವುದು ಕಷ್ಟವಾಗಿತ್ತು.

ಭೂಮಿ ವ್ಯವಸ್ಥೆಯಲ್ಲಿ ಪಹಣಿಯಲ್ಲಿರುವ ಹೆಸರನ್ನು ಯಾವ ನೌಕರರೂ ನೇರವಾಗಿ ಅಳಿಸಿ ಬರೆಯಲು ಅವಕಾಶವಿಲ್ಲ. ಮೊದಲು ಬದಲಾವಣೆಯ ಕೋರಿಕೆಯನ್ನು ಪ್ರತ್ಯೇಕ ದಾಖಲೆಯಾಗಿ ಸೃಷ್ಟಿಸಬೇಕು. ಕೋರಿಕೆಯ ಬಗೆ, ಸರ್ವೆ ನಂಬರು, ವಿಸ್ತೀರ್ಣ, ಹಕ್ಕು ಬಿಡುವವರ ಹಾಗೂ ಪಡೆಯುವವರ ವಿವರಗಳನ್ನು ನಮೂದಿಸಿ ಗಣಕಕ್ಕೆ ಆದೇಶ ನೀಡಿದಾಗ ಕೋರಿಕೆಗೆ ಒಂದು ಸಂಖ್ಯೆ ದೊರೆಯುತ್ತದೆ. ಮೊದಲು ಬಂದ ಕೋರಿಕೆಯನ್ನು ಮೊದಲು ವಿಲೇವಾರಿ ಮಾಡುವ ಕ್ರಮವನ್ನು ತಂತ್ರಾಂಶದಲ್ಲಿಯೇ ಅಳವಡಿಸಲಾಗಿದೆ. ಯಾವ ಹಂತವನ್ನು ಯಾರು ಅನುಮೋದಿಸಿದರೆಂಬುದು ತಿಳಿಯುವಂತೆ ನೌಕರರ ಬೆರಳಚ್ಚು ದೃಢೀಕರಣದ ವ್ಯವಸ್ಥೆಯನ್ನೂ ಕಲ್ಪಿಸಲಾಗಿದೆ.

ಆದುದರಿಂದ ಸಂಖ್ಯೆ ದೊರೆಯುವವರೆಗೆ ಅರ್ಜಿಯು ವ್ಯವಸ್ಥೆಯ ದೃಷ್ಟಿಯಲ್ಲಿ ಇನ್ನೂ ಕೋರಿಕೆಯಾಗಿರುವುದಿಲ್ಲ. ಕಾಗದವನ್ನು ಯಾರ ಕೈಗೋ ಕೊಟ್ಟು ಬಂದ ಮಾತ್ರಕ್ಕೆ ಸರದಿಯಲ್ಲಿ ಸ್ಥಾನ ಸಿಗುವುದಿಲ್ಲ.

ಕೋರಿಕೆ ಸೃಷ್ಟಿಯಾಗುವ ಎರಡು ಬಗೆಗಳು

1. ನೋಂದಾಯಿತ ದಸ್ತಾವೇಜಿನ ಮೂಲಕ: ಕ್ರಯ, ದಾನ, ವಿಭಾಗ ಮುಂತಾದ ಪತ್ರಗಳು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಣಿಯಾದಾಗ, ನೋಂದಣಿ ಇಲಾಖೆಯ "ಕಾವೇರಿ" ತಂತ್ರಾಂಶದಿಂದ ವಿವರಗಳು ಭೂಮಿ ತಂತ್ರಾಂಶಕ್ಕೆ ರವಾನೆಯಾಗುತ್ತವೆ. ಇದನ್ನು ಕಚೇರಿಗಳಲ್ಲಿ "ಜೆ ಸ್ಲಿಪ್" ಎಂದು ಕರೆಯುವುದು ರೂಢಿ. ಇಲ್ಲಿ ಕೋರಿಕೆಗಾಗಿ ಪಕ್ಷಕಾರರು ಪ್ರತ್ಯೇಕ ಅರ್ಜಿ ಸಲ್ಲಿಸಬೇಕಾಗಿಲ್ಲ.

2. ಅರ್ಜಿಯ ಮೂಲಕ: ಮಾಲೀಕರು ಮರಣ ಹೊಂದಿದಾಗ ವಾರಸುದಾರರಿಗೆ ಹಕ್ಕು ಬರುತ್ತದೆಯಾದರೂ ಯಾವ ಪತ್ರವೂ ನೋಂದಣಿಯಾಗುವುದಿಲ್ಲ. ಆದ್ದರಿಂದ ಕಾವೇರಿಯಿಂದ ಭೂಮಿಗೆ ಯಾವ ಸೂಚನೆಯೂ ಹೋಗುವುದಿಲ್ಲ. ವಾರಸುದಾರರು ಅರ್ಜಿ ಸಲ್ಲಿಸಿದರೆ ಕೋರಿಕೆ ಸೃಷ್ಟಿಯಾಗುತ್ತದೆ. ಇದನ್ನೇ ಪೌತಿ ಖಾತೆ ಎನ್ನುತ್ತಾರೆ.

ಈ ವ್ಯತ್ಯಾಸವು ಗಣಕದಿಂದ ಬಂದುದಲ್ಲ. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 128ನೇ ಪ್ರಕರಣದಂತೆ, ಉತ್ತರಾಧಿಕಾರದಿಂದ ಹಕ್ಕು ಪಡೆದವರು 3 ತಿಂಗಳೊಳಗೆ ಅದನ್ನು ನಿಯಮಿತ ಅಧಿಕಾರಿಗೆ ವರದಿ ಮಾಡತಕ್ಕದ್ದು. ವರದಿ ಪಡೆದ ಅಧಿಕಾರಿಯು ಲಿಖಿತ ಸ್ವೀಕೃತಿ ನೀಡತಕ್ಕದ್ದು. ನೋಂದಾಯಿತ ದಸ್ತಾವೇಜಿನ ಮೂಲಕ ಹಕ್ಕು ಪಡೆದವರಿಗೆ ಈ ಹೊಣೆಯಿಂದ ವಿನಾಯಿತಿ ಇದೆ. ಅವಧಿ ಮೀರಿದ ಮಾತ್ರಕ್ಕೆ ವಾರಸು ಹಕ್ಕು ನಾಶವಾಗುವುದಿಲ್ಲ. ಆದರೆ ವಿಳಂಬವಾದಷ್ಟೂ ವಾರಸುದಾರರ ಸಂಖ್ಯೆ ಬೆಳೆದು ಪ್ರಕರಣ ಜಟಿಲವಾಗುತ್ತದೆ.

ಉದಾಹರಣೆ

ಗಿರಿನಗರದಲ್ಲಿ ವಾಸವಾಗಿರುವ ಒಬ್ಬರ ತಂದೆಯ ಹೆಸರಿನಲ್ಲಿ ನಾಗಮಂಗಲ ತಾಲ್ಲೂಕಿನಲ್ಲಿ 2 ಎಕರೆ 10 ಗುಂಟೆ ಜಮೀನು ಇದೆ ಎಂದು ಭಾವಿಸೋಣ. ತಂದೆ ನಿಧನರಾಗಿದ್ದಾರೆ. ತಾಯಿ, ಇಬ್ಬರು ಗಂಡುಮಕ್ಕಳು, ವಿವಾಹಿತಳಾದ ಒಬ್ಬ ಮಗಳು ಇದ್ದಾರೆ. ಪಹಣಿ ತಂದೆಯ ಹೆಸರಿನಲ್ಲಿಯೇ ಉಳಿದರೆ ಬೆಳೆ ಸಾಲ ದೊರೆಯುವುದು ಕಷ್ಟ. ಮಾರಾಟಕ್ಕೂ ವಿಭಾಗಕ್ಕೂ ತೊಡಕು. ಜಮೀನು ಭೂಸ್ವಾಧೀನಕ್ಕೆ ಒಳಪಟ್ಟಲ್ಲಿ ಪರಿಹಾರದ ನೋಟೀಸು ಮೃತರ ಹೆಸರಿಗೇ ಹೊರಡುತ್ತದೆ.

ಇಲ್ಲಿ ಅರ್ಜಿಯನ್ನು ಜಮೀನು ಇರುವ ಹೋಬಳಿಯ ನಾಡಕಚೇರಿಯಲ್ಲಿ ಸಲ್ಲಿಸಬೇಕು. ಸಾಮಾನ್ಯವಾಗಿ ಬೇಕಾಗುವ ದಾಖಲೆಗಳು:

1. ಮಾಲೀಕರ ಮರಣ ಪ್ರಮಾಣ ಪತ್ರ
2. ವಂಶವೃಕ್ಷ
3. ಸಂಬಂಧಿಸಿದ ಸರ್ವೆ ನಂಬರಿನ ಇತ್ತೀಚಿನ ಪಹಣಿ
4. ವಾರಸುದಾರರ ಗುರುತಿನ ದಾಖಲೆಗಳು

ವಂಶವೃಕ್ಷದಲ್ಲಿ ಎಲ್ಲ ವಾರಸುದಾರರ ಹೆಸರನ್ನೂ ತೋರಿಸತಕ್ಕದ್ದು. ಹಿಂದೂ ಉತ್ತರಾಧಿಕಾರ ಅಧಿನಿಯಮಕ್ಕೆ 2005ರಲ್ಲಿ ಆದ ತಿದ್ದುಪಡಿಯಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಇದೆ. ಮಗಳಿಗೆ ಮದುವೆಯಾಗಿದೆ ಎಂಬ ಕಾರಣಕ್ಕೆ ಆಕೆಯ ಹೆಸರನ್ನು ಕೈಬಿಟ್ಟಲ್ಲಿ ಮುಂದೆ ತಕರಾರಿಗೆ ಎಡೆಯಾಗುತ್ತದೆ.

ಕೋರಿಕೆಯೇ ಬದಲಾವಣೆಯಲ್ಲ

ಕೋರಿಕೆಗೆ ಸಂಖ್ಯೆ ದೊರೆತೊಡನೆ ಪಹಣಿ ಬದಲಾಗುವುದಿಲ್ಲ. ಅಧಿನಿಯಮದ 129ನೇ ಪ್ರಕರಣದಂತೆ ವರದಿಯನ್ನು ಮ್ಯುಟೇಶನ್ ರಿಜಿಸ್ಟರಿನಲ್ಲಿ ನಮೂದಿಸಿ, ಅದರ ಪ್ರತಿಯನ್ನು ಚಾವಡಿಯಲ್ಲಿ ಪ್ರಕಟಿಸಿ, ಹಿತಾಸಕ್ತಿ ಉಳ್ಳವರಿಗೆ ತಿಳಿವಳಿಕೆ ಪತ್ರ ನೀಡಲಾಗುತ್ತದೆ. ಗ್ರಾಮದಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು (ಹಿಂದಿನ ಗ್ರಾಮ ಲೆಕ್ಕಿಗರು) ವಿಚಾರಣೆ ಮಾಡುತ್ತಾರೆ. ಆಕ್ಷೇಪಣೆ ಬಾರದಿದ್ದಲ್ಲಿ ಅಧಿಕಾರವುಳ್ಳ ಕಂದಾಯ ಅಧಿಕಾರಿಗಳು ನಮೂದನ್ನು ಪ್ರಮಾಣೀಕರಿಸುತ್ತಾರೆ. ಆಕ್ಷೇಪಣೆ ಬಂದಲ್ಲಿ ಅದನ್ನು ತಕರಾರು ಪ್ರಕರಣವಾಗಿ ದಾಖಲಿಸಿಕೊಂಡು ತೀರ್ಮಾನಿಸಲಾಗುತ್ತದೆ. ಆ ಆದೇಶದ ಮೇಲೆ 136ನೇ ಪ್ರಕರಣದಡಿ ಮೇಲ್ಮನವಿಗೆ ಅವಕಾಶವಿದೆ.

ಈ ಅವಧಿ ಅನಗತ್ಯ ವಿಳಂಬವಲ್ಲ. ಬೆಂಗಳೂರಿನಲ್ಲಿರುವ ಅಣ್ಣನು ಅರ್ಜಿ ಹಾಕಿದ್ದಾನೆಂಬುದು ಊರಿನಲ್ಲಿರುವ ತಂಗಿಗೆ ತಿಳಿಯುವುದು ಈ ನೋಟೀಸಿನಿಂದಲೇ.

ಪಹಣಿಯಲ್ಲಿ ಪರಿಶೀಲಿಸಬೇಕಾದ ಅಂಶಗಳು

ಬದಲಾವಣೆ ಪೂರ್ಣಗೊಂಡ ನಂತರ ಹೊಸ ಪಹಣಿಯನ್ನು ಪಡೆದು ಓದತಕ್ಕದ್ದು. 9ನೇ ಕಲಂನಲ್ಲಿ ಸ್ವಾಧೀನದಾರರ ಹೆಸರು, 10ನೇ ಕಲಂನಲ್ಲಿ ಹಕ್ಕು ಬಂದ ರೀತಿ ಹಾಗೂ ಎಂ.ಆರ್. ಸಂಖ್ಯೆ, 11ನೇ ಕಲಂನಲ್ಲಿ ಇತರೆ ಹಕ್ಕುಗಳು ಮತ್ತು ಋಣಗಳು ಇರುತ್ತವೆ. 133ನೇ ಪ್ರಕರಣದಂತೆ, ಸುಳ್ಳೆಂದು ಸಾಬೀತಾಗುವವರೆಗೆ ಈ ನಮೂದುಗಳನ್ನು ಸತ್ಯವೆಂದೇ ಭಾವಿಸಲಾಗುತ್ತದೆ. ಹೆಸರಿನ ಒಂದು ಅಕ್ಷರ ತಪ್ಪಿದ್ದರೂ ಕೂಡಲೇ ತಿದ್ದುಪಡಿ ಕೋರುವುದು ಲೇಸು.

ನಗರದ ನಿವೇಶನಗಳಿಗೆ

ಗಿರಿನಗರದ ನಿವೇಶನ ಅಥವಾ ಮನೆಗೆ ಪಹಣಿಯಲ್ಲ, ಖಾತೆ ಇರುತ್ತದೆ. ಬೆಂಗಳೂರಿನಲ್ಲಿ 2024ರ ಅಕ್ಟೋಬರ್‌ನಿಂದ ಆಸ್ತಿ ನೋಂದಣಿಗೆ ಇ-ಖಾತಾ ಅಗತ್ಯವಾಗಿದೆ. 2025ರ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿವೆ. ಇಲ್ಲಿಯೂ ಮಾಲೀಕರ ಮರಣಾನಂತರ ಖಾತಾ ವರ್ಗಾವಣೆಯ ಅರ್ಜಿಯನ್ನು ವಾರಸುದಾರರೇ ಸಲ್ಲಿಸಬೇಕು. ತೆರಿಗೆ ಕಟ್ಟುತ್ತಾ ಬಂದಿದ್ದರೂ ಖಾತೆಯಲ್ಲಿನ ಹೆಸರು ಬದಲಾಗುವುದಿಲ್ಲ.

ಅರ್ಜಿದಾರರ ಗಮನಕ್ಕೆ

ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಗೆ ಬರುವ ಸೇವೆಗಳಿಗೆ ಅರ್ಜಿ ಸಲ್ಲಿಸಿದಾಗ 15 ಅಂಕಿಗಳ ಸ್ವೀಕೃತಿ ಸಂಖ್ಯೆ ನೀಡಲಾಗುತ್ತದೆ. ಸಂಖ್ಯೆಯಿಲ್ಲದ ಅರ್ಜಿಯ ಸ್ಥಿತಿಯನ್ನು ಗಣಕದಲ್ಲಿ ಪರಿಶೀಲಿಸಲಾಗದು. ನಿಗದಿತ ಅವಧಿ ಮೀರಿದಲ್ಲಿ ದಿನಕ್ಕೆ ರೂ. 20ರಂತೆ ಗರಿಷ್ಠ ರೂ. 500ರವರೆಗೆ ಪರಿಹಾರ ಕೋರಲು ಇದೇ ಸಂಖ್ಯೆ ಆಧಾರ. ಆದಕಾರಣ ನಾಗರಿಕರು ಕಚೇರಿಯಿಂದ ಹೊರಡುವ ಮುನ್ನ ಸ್ವೀಕೃತಿಯನ್ನು ಕೇಳಿ ಪಡೆದು, ಹೆಸರು, ಸರ್ವೆ ನಂಬರು ಮತ್ತು ಕೋರಿಕೆಯ ಬಗೆ ಸರಿಯಾಗಿವೆಯೇ ಎಂದು ಅಲ್ಲಿಯೇ ಓದಿ ಖಚಿತಪಡಿಸಿಕೊಳ್ಳುವುದು.

ಹೆಚ್ಚಿನ ವಿವರಗಳಿಗೆ ಜಮೀನು ಇರುವ ತಾಲ್ಲೂಕಿನ ತಹಶೀಲ್ದಾರರ ಕಚೇರಿ ಅಥವಾ ನಾಡಕಚೇರಿಯನ್ನು ಸಂಪರ್ಕಿಸಬಹುದಾಗಿದೆ.